ಅಪ್‌ಡೇಟ್: ಇಂಟರ್ನೆಟ್ ಇಲ್ಲದ ತರಗತಿಯ ಲ್ಯಾಪ್‌ಟಾಪ್‌ಗಳ ಗಡಿಯಾರ
ಇಂಟರ್ನೆಟ್ ಇಲ್ಲದ ಶಾಲೆಯಲ್ಲಿ ಲ್ಯಾಪ್‌ಟಾಪ್‌ಗಳ ಸಮಯವನ್ನು ಸರಿಯಾಗಿ ಇಡುವುದು ಹೇಗೆಂದು ಕೇಳಿದ್ದೆ. ತರಗತಿಯ ಸರ್ವರನ್ನೇ ಎನ್‌ಟಿಪಿ (ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ) ಮೂಲವಾಗಿಸಬೇಕೆಂಬ ಸಲಹೆ ಫಲಿಸಿದೆ. ಸರ್ವರ್‌ನಲ್ಲಿ ಸಮಯ ಹೊಂದಿಸುವ ತಂತ್ರಾಂಶವಾದ ಕ್ರೋನಿಯ ಸೆಟ್ಟಿಂಗ್ಸ್‌ಗೆ, ಹೊರಗಿನ ಮೂಲವಿಲ್ಲದಿದ್ದರೂ ತನ್ನದೇ ಗಡಿಯಾರದ ಸಮಯವನ್ನು ಹಂಚಲು ಹೇಳುವ ‘ಲೋಕಲ್ ಸ್ಟ್ರಾಟಮ್ 10’ ಎಂಬ ಸಾಲನ್ನು ಸೇರಿಸಿ, ಒಳಜಾಲಕ್ಕೆ ಅನುಮತಿ ಕೊಟ್ಟು, ಎನ್‌ಟಿಪಿ ಬಳಸುವ ಯುಡಿಪಿ 123ನೇ ಪೋರ್ಟನ್ನು ತೆರೆದ ಮೇಲೆ ಲ್ಯಾಪ್‌ಟಾಪ್‌ಗಳೆಲ್ಲವೂ ಒಂದೇ ಸಮಯವನ್ನು ತೋರಿಸತೊಡಗಿದವು.

ಒಂದು ಯಂತ್ರ ಮಾತ್ರ ಪ್ರತಿ ಬೆಳಿಗ್ಗೆ ಹಳೆಯ ದಿನಾಂಕದಲ್ಲೇ ಏಳುತ್ತಿತ್ತು. ಬಿಚ್ಚಿ ಅಳೆದಾಗ, ಯಂತ್ರ ಆರಿರುವಾಗಲೂ ಅದರ ಗಡಿಯಾರವನ್ನು ನಡೆಸುವ, 3 ವೋಲ್ಟ್ ಇರಬೇಕಾದ ಸಿಆರ್2032 ಸೆಲ್‌ನಲ್ಲಿ 2 ವೋಲ್ಟ್ ಕೂಡ ಉಳಿದಿರಲಿಲ್ಲ, ಅದನ್ನು ಬದಲಾಯಿಸಿದೆ.

ಆದರೆ ಸರ್ವರ್‌ನ ಗಡಿಯಾರವೇ ಜಾರಿದರೆ ಎಲ್ಲವೂ ಒಗ್ಗಟ್ಟಾಗಿ ತಪ್ಪು ಹೇಳುತ್ತವೆ, ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. ಗಡಿಯಾರವನ್ನು ನಡೆಸುವ ಸ್ಫಟಿಕದಲ್ಲಿ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ವ್ಯತ್ಯಾಸವಿದ್ದರೂ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡ್‌ಗೂ ಹೆಚ್ಚು ಜಾರುತ್ತದೆ. ಆದ್ದರಿಂದ, ಇಂಟರ್ನೆಟ್ಟಿನ ಹಂಗಿಲ್ಲದೆ ಉಪಗ್ರಹಗಳಿಂದಲೇ ಸಮಯ ಪಡೆಯುವ ಜಿಪಿಎಸ್ ರಿಸೀವರನ್ನು ಈಗ ಕಿಟಕಿಯ ಬಳಿ ಇಟ್ಟು ಸರ್ವರ್‌ಗೆ ಜೋಡಿಸಿದ್ದೇನೆ.