ಐದು ಮಂದಿ ಪಾಲಿನ್ಯಾಗ ಕೊಬ್ಬರಿ ಹೋರಿ ತಗೋಬೇಕಂತ ಅದೀವಿ, ಅನುಭವ ಇದ್ದೋರು ಹೇಳ್ರಿ

ಬ್ಯಾಡಗಿ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಾವು ಐದು ಮಂದಿ ದೋಸ್ತರು ಸೇರಿ ದೀಪಾವಳಿ ಒಳಗ ಒಂದು ಕೊಬ್ಬರಿ ಹೋರಿ ತಗೋಬೇಕಂತ ಮಾಡೀವಿ, ಅಂದ್ರ ಕೊರಳಾಗ ಕೊಬ್ಬರಿ ಕಟ್ಟಿ ಮಂದ್ಯಾಗ ಓಡಿಸೋ ಹೋರಿ, ಹಿಡಿಯೋರು ಆ ಕೊಬ್ಬರಿ ಹರಿಯಾಕ ನೋಡ್ತಾರ. ತಲಾ 25 ಸಾವಿರ ಹಾಕೋದು, ತಿಂಗಳ ಖರ್ಚು ಹಂಚ್ಕೊಳ್ಳೋದು. ಮೂರು ಮಂದಿ ಊರಾಗ ಇರ್ತೀವಿ, ಇಬ್ಬರು ಹುಬ್ಬಳ್ಳ್ಯಾಗ ಕೆಲಸಕ್ಕ ಅದಾರ. ಒಂದು ಅಮೃತಮಹಲ್ ಕರಾ ನೋಡಿ ಬಂದೀವಿ, ಎರಡಲ್ಲು, 1 ಲಕ್ಷ 10 ಸಾವಿರಕ್ಕ ಬಿಡ್ತಾರ ಅನ್ಸತೈತಿ. ಪಾಲಿನ್ಯಾಗ ಸಾಕಿದೋರು ಖರ್ಚು ಎಷ್ಟ ಬಂತು, ಕಾಗದ ಮಾಡ್ಕೋಬೇಕೇನು ಹೇಳ್ರಿ.

ಹಿರೇಕೆರೂರ ಕಡೀಯವ:
ತಗೋರಿ ತಮ್ಮಾ, ಹಿಂದ ಮುಂದ ನೋಡಬ್ಯಾಡ್ರಿ. ನಾವು ನಾಕು ಮಂದಿ 2019ರಾಗ 86 ಸಾವಿರಕ್ಕ ತಂದ್ವಿ, ತಂದಾಗ ಪಕ್ಕೆಲುಬು ಎಣಸಬಹುದಿತ್ತು, ಊರ ಮಂದಿ ನಕ್ರು. ದಿನಾ ಬೆಳಿಗ್ಗೆ ಎರಡು ಸೇರು ನೆನಸಿದ ಹುರುಳಿ, ಸಂಜಿಕ ಹತ್ತಿಕಾಳು, ಶೇಂಗಾ ಹಿಂಡಿ, ಗೋವಿನಜೋಳದ ನುಚ್ಚು, ಮ್ಯಾಲೆ ಜೋಳದ ಕಣಿಕಿ. ಹಬ್ಬಕ್ಕ ಎರಡು ತಿಂಗಳ ಮುಂಚೆ ದಿನಾ ನಾಕು ತತ್ತಿ. ತಿಂಗಳಾ ಒಂಬತ್ತು ಸಾವಿರಕ್ಕ ಒಂದ್ ರೂಪಾಯಿ ಕಡಿಮಿ ಆಗಿಲ್ಲ. ವಾರಕ್ಕ ಮೂರು ಸಲ ಕೆರ್ಯಾಗ ಈಜ್ಸೋದು, ದಮ್ಮು ಬರೋದು ಅಲ್ಲೇ. ಮೊದಲನೇ ವರ್ಷ ಹೋದ ಮೂರೂ ಅಖಾಡದಾಗ ಕೊಬ್ಬರಿ ಹರಿದ್ರು. ಎರಡನೇ ವರ್ಷ ಒಂದು ಕಬ್ಬಿಣದ ಕಪಾಟು ಬಂತು. ಮೂರನೇ ವರ್ಷ ಬೈಕು. ಬೈಕ್ ಮಾರಿ ನಾಕು ಪಾಲು ಮಾಡಿದ್ವಿ, ಹಾಕಿದ್ದಕ್ಕ ಅರ್ಧಾನೂ ತಿರುಗಿ ಬರಲಿಲ್ಲ, ಆದ್ರ ಆವತ್ತು ಆದದ್ದು ಹೇಳ್ತೀನಿ ಕೇಳ್ರಿ. ಹಗ್ಗ ಬಿಡೋ ಮುಂಚೆ ಅದರ ಕಿವಿ ಹಿಂದ ಕೈ ಇಟ್ಟಿದ್ದೆ, ಬಿಸಿ ಬಿಸಿ, ನಾಡಿ ಟಕಟಕ ಅಂತಿತ್ತು. ಬಿಟ್ವಿ. ಎರಡೂ ಕಡೆ ಮಂದಿ ಗ್ವಾಡಿ ಹಾಂಗ, ಮುಂದ ಹಿಡಿಯೋ ಹುಡುಗ್ರು ಹತ್ತು ಹದಿನೈದು ಮಂದಿ ಮ್ಯಾಲೆ ಬಿದ್ರು, ಒಬ್ಬನ ಬೆರಳು ಕೊರಳಾಗಿನ ಹಗ್ಗಕ್ಕ ಸಿಕ್ಕಿದ್ದು ನಾನ ನೋಡೀನಿ, ಕುತ್ತಿಗಿ ಒಂದ ಸಲ ಹೊಳ್ಳಿಸಿ ಝಾಡಿಸ್ತು ನೋಡ್ರಿ, ಅಷ್ಟೂ ಕೊಬ್ಬರಿ ಗಿಟುಕು ಹಂಗ ಇಟ್ಕೊಂಡು ಆ ಕಡಿಗೆ ದಾಟ್ತು. ನಾಕೂ ಮಂದಿ ಅತ್ವಿ. ಒಬ್ಬನ ಹೋರಿ ಆಗಿದ್ರ ಒಬ್ಬನ ಅಳ್ತಿದ್ದ.

ಹಾನಗಲ್ಲ:
ನೀವು ಅತ್ತಿದ್ದು ಖುಷಿಗೆ, ನಾ ಅತ್ತಿದ್ದು ಬ್ಯಾರೆ. ನಮ್ಮದೂ ಐದು ಪಾಲು, ತಲಾ 28 ಸಾವಿರ. 2022ರ ಸೆಪ್ಟೆಂಬರ್‌ನ್ಯಾಗ ಚರ್ಮಗಂಟು ರೋಗ ಬಂತು, ನಮ್ಮ ಜಿಲ್ಲಾದಾಗ ಎಷ್ಟು ದನಾ ಹೋದ್ವು ಎಲ್ಲಾರಿಗೂ ಗೊತ್ತೈತಿ. ಮೊದಲು ಜ್ವರ, ಮೇವು ಬಿಡ್ತು, ಎರಡು ದಿನಕ್ಕ ಮೈ ತುಂಬ ಗಂಟು, ಮುಂಗಾಲು ಬಾತು ನೀರು ಇಳೀತು. ಸೊಳ್ಳಿ, ನೊಣ, ಉಣ್ಣಿಯಿಂದ ಹಬ್ಬತೈತಿ ಅಂದ್ರಂತ ಸೊಳ್ಳಿ ಪರದೆ ಕಟ್ಟಿದ್ವಿ, ಬೇವಿನ ಹೊಗಿ ಹಾಕಿದ್ವಿ, ಅರಿಶಿಣ ಬೇವು ಅರೆದು ಹಚ್ಚಿದ್ವಿ. ಆಡಿನ ಸಿಡುಬಿನ ಲಸಿಕಿ ಹಾಕಿಸ್ರಿ ಅಂತ ನಾ ಆಗಸ್ಟ್‌ನ್ಯಾಗ ಹೇಳಿದ್ದೆ, ಒಬ್ಬ ಪಾಲುದಾರ ಲಸಿಕಿ ಹಾಕಿದ್ರ ಹೋರಿ ಮಂಕ ಆಗತೈತಿ, ಹಬ್ಬ ಮುಗೀಲಿ ಅಂದ. ಹದಿನಾರು ದಿನ ನಿಂತಿತ್ತು, ಹದಿನೇಳನೇ ದಿನ ಮಲಗ್ತು. ಡಾಕ್ಟರ್ ಫೀಸು, ಸಲೈನು ಸೇರಿ 11,400 ಹೋತು, ಚೀಟಿ ಇನ್ನೂ ಇಟ್ಟೀನಿ. ಸರ್ಕಾರ ಸತ್ತ ಎತ್ತಿಗೆ 30 ಸಾವಿರ ಕೊಟ್ತು, ಆದ್ರ ಕಿವ್ಯಾಗಿನ ಹಳದಿ ಟ್ಯಾಗ್‌ನ 12 ನಂಬರ್ ಯಾರ ಹೆಸರಿಗೆ ಇತ್ತೋ ಅವರ ಖಾತೆಗೆ. ಟ್ಯಾಗ್ ಅವನ ಹೆಸರಿಗಿತ್ತು. ಲಸಿಕಿ ಬ್ಯಾಡ ಅಂದವನ ಹೆಸರಿಗೇ. ಕಾಗದ ಮಾಡ್ಕೋಬೇಕೇನು ಅಂತ ಕೇಳೀರಿ, ಟ್ಯಾಗ್ ಯಾರ ಹೆಸರಿಗೆ ಅನ್ನೋದು ಮೊದಲು ಬರೀರಿ.

ಗಾಡಾ ಧಾರವಾಡ:
ಕೊಬ್ಬರಿ ಹೋರಿಗೆ ರೊಕ್ಕ ಹಾಕೋಕಿಂತ ಖಾಲಿ ಗಾಡಾ (ಬಂಡಿ) ಓಟಕ್ಕ ಜೋಡಿ ಎತ್ತು ಕಟ್ಟ್ರಿ. ನಮ್ಮದು ಮೂರು ಪಾಲು. ಒಂದು ನಿಮಿಷಕ್ಕ ಎಷ್ಟು ಫೂಟು ಓಡ್ತಾವ ಅನ್ನೋದು ಟೇಪ್ ಹಿಡಿದು ಅಳೀತಾರ, ಹರಿದ್ರು ಹರೀಲಿಲ್ಲ ಅನ್ನೋ ಜಗಳ ಇಲ್ಲ. ನಮ್ಮ ಜೋಡಿ 1,430 ಫೂಟು ಓಡ್ಯಾವ. ಗಾಡಾ ಇಲ್ದಾಗ ಹೊಲಕ್ಕೂ ಆಗ್ತಾವ. ಮತ್ತ ಇದಕ್ಕ ಕಾಯ್ದೆ ಬೆಂಬಲ ಐತಿ, 2023ರ ಮೇ 18ಕ್ಕ ಸುಪ್ರೀಂ ಕೋರ್ಟ್ ಐದು ಜಡ್ಜ್ ಪೀಠ ಕಂಬಳ, ಬಂಡಿ ಓಟದ ಕಾಯ್ದೆ ಎತ್ತಿ ಹಿಡಿದೈತಿ. ನಿಮ್ಮ ಹೋರಿ ಬೆದರಿಸೋದು ಅದರಾಗ ಹೆಸರಿಲ್ಲ.

ಹಿರೇಕೆರೂರ ಕಡೀಯವ:
ಕಾಕಾ, ಕಾಯ್ದೆ ಪೂರ್ತಿ ಓದ್ರಿ. ಕಂಬಳ, ಹೋರಿ ಓಟ, ಬಂಡಿ ಓಟ ಮೂರೂ ಐತಿ. ನಮ್ಮದು ಹೋರಿ ಓಟ ಅಲ್ದ ಮತ್ತೇನು? ನಾವು ಬಾರಕೋಲು ಮುಟ್ಟಂಗಿಲ್ಲ. ನಿಮ್ಮ ಗಾಡಾದ ಮ್ಯಾಲೆ ನಿಂತವನ ಕೈಯಾಗ ಏನಿರತೈತಿ ಎಲ್ಲಾರೂ ನೋಡ್ಯಾರ.

ಗಾಡಾ ಧಾರವಾಡ:
ನಮ್ಮ ಎತ್ತಿಗೆ ಬಾರಕೋಲು ಮುಟ್ಟಿಸಿದ್ದು ತೋರಿಸ್ರಿ, ಜೋಡಿ ನಿಮಗ ಪುಗಸಟ್ಟೆ ಕೊಡ್ತೀನಿ. ಮಂದ್ಯಾಗ ಹೋರಿ ಬಿಟ್ಟು ನೋಡಾಕ ಬಂದವರ ಎದಿಗೆ ಕೋಡು ಹಾಕಿಸೋರು ನೀವು. ನಮ್ಮ ಅತ್ತಿ ಮಗ ಬರೇ ನೋಡಾಕ ಹೋಗಿದ್ದ, ಮೂರು ತಿಂಗಳ ಹಾಸಿಗಿ ಹಿಡಿದ.

ಹುಬ್ಬಳ್ಳಿ ಅಶ್ವ:
ಜಗಳ ಬಿಡ್ರಿ. ನಂದು ಬೆಂಗಳೂರು ರೇಸ್‌ಕೋರ್ಸಿನ ಕುದ್ರ್ಯಾಗ ಹತ್ತರಾಗ ಒಂದು ಪಾಲು. ಹುಬ್ಬಳ್ಳ್ಯಾಗ ಅಂಗಡಿ ಇಟ್ಕೊಂಡವಂಗ ರೇಸ್ ಕುದ್ರಿ ಯಾಕ ಅಂತ ನಮ್ಮ ಅಪ್ಪಾಜಿ ಆರು ತಿಂಗಳ ಮಾತಾಡ್ಸಲಿಲ್ಲ. ಪಾಲಿಗೆ 60 ಸಾವಿರ, ಕುದ್ರಿ ಖರೀದಿಗೆ ಆಗ 12 ಪರ್ಸೆಂಟ್ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್‌ನಿಂದ 5 ಆಗೈತಿ. ತಿಂಗಳಾ ನನ್ನ ಪಾಲಿಗೆ 4,500, ಅದರಾಗ ಟ್ರೇನರ್, ಸೈಸ್ (ಕುದ್ರಿ ನೋಡ್ಕೊಳ್ಳಾವ), ಮೇವು, ಲಾಳ, ಡಾಕ್ಟರ್ ಎಲ್ಲಾ ಬಂತು. ಎರಡು ವರ್ಷದ ಹೆಣ್ಣು ಕುದ್ರಿ, ಮುಂಗಾಲ ನಳಿಕಿ ನೋವು ಬಂದು ನಾಕು ತಿಂಗಳ ಓಡಲಿಲ್ಲ. ಆರಾಮ ಆಗಿ ಟ್ರ್ಯಾಕಿಗೆ ಬಂತು ಅನ್ನೋದ್ರಾಗ 2024ರ ಜೂನ್‌ನ್ಯಾಗ ಲೈಸೆನ್ಸ್ ತಕರಾರು ಹೈಕೋರ್ಟಿಗೆ ಹೋತು, ರೇಸ್ ನಿಂತ್ರೂ ಕುದ್ರಿ ತಿನ್ನೋದು ನಿಲ್ಲಂಗಿಲ್ಲ. ಒಂದೇ ಒಂದು ಗೆದ್ದೈತಿ, 1,200 ಮೀಟರ್. ಗೆದ್ದ ಮ್ಯಾಲೆ ಮಾಲೀಕರು ಲಗಾಮು ಹಿಡ್ಕೊಂಡು ಒಳಗ ಕರ್ಕೊಂಡು ಬರ್ತಾರ, ಹತ್ತು ಮಂದಿ ಅದೀವಿ, ಹಗ್ಗದ ಒಂದು ಗೇಣು ನನ್ನ ಕೈಯಾಗಿತ್ತು. ಬೆವರಿನ ವಾಸನಿ ಅಂಗಿಗೆ ಹತ್ತಿತ್ತು, ಆ ಅಂಗಿ ನಾ ಒಗ್ಯಾಕ ಕೊಟ್ಟಿಲ್ಲ. ಒಂದ ಕೊರಗು, ಅದು ನಮ್ಮಿಂದ 400 ಕಿಲೋಮೀಟರ್ ದೂರ, ನೀವು ದಿನಾ ಮೈ ತೊಳೀತೀರಲ್ಲ, ನನಗ ಅದು ಇಲ್ಲ.

ಹಾನಗಲ್ಲ:
ಅಣ್ಣಾ, ಜೂಜಿನ ಕುದ್ರಿಗೂ ನಮ್ಮ ಹೋರಿಗೂ ಹೋಲಿಸಬ್ಯಾಡ್ರಿ. ನಮ್ಮದು ಮನಿ ಮಗ.

ಹುಬ್ಬಳ್ಳಿ ಅಶ್ವ:
ಜೂಜು ಆಡೋರು ಬ್ಯಾರೆ, ಸಾಕೋರು ಬ್ಯಾರೆ. ನಾ ಇಲ್ಲಿತನಕ ಒಂದು ರೂಪಾಯಿ ಕಟ್ಟಿಲ್ಲ. ನಿಮ್ಮ ಅಖಾಡದಾಗ ಬೆಟ್ಟಿಂಗ್ ಆಗೋದೇ ಇಲ್ಲೇನು?

ಸವಣೂರ ಅಕ್ಕ:
ಇಲ್ಲಿ ಎಲ್ಲಾರೂ ಗಂಡಸರು ಬರದೀರಿ, ನಂದೂ ಕೇಳ್ರಿ. ಪಾಲು ನಮ್ಮ ಮನಿಯವರದು ಮತ್ತ ಅವರ ಮೂರು ಗೆಳೆಯರದು, ಹೋರಿ ಕಟ್ಟಿದ್ದು ನಮ್ಮ ಮನ್ಯಾಗ, ಸಗಣಿ ಬಳಿಯೋದು, ಹುರುಳಿ ನೆನಸೋದು, ನಡು ರಾತ್ರಿ ಎದ್ದು ನೀರು ಕುಡಿಸೋದು ನಾನು. ನಾಕು ವರ್ಷ. ಅವರು ಹಗ್ಗ ಹಿಡಿದ್ರ ಮೂಗುದಾಣ ಎಳೀಬೇಕು, ನಾ ‘ಬಾ’ ಅಂದ್ರ ಬರ್ತಿತ್ತು, ಸೆರಗು ನೆಕ್ಕತಿತ್ತು. ಹೋದ ವರ್ಷ ಒಬ್ಬರಿಗೆ ಮಗಳ ಮದುವಿ ರೊಕ್ಕ ಬೇಕಾತು ಅಂತ ನಾಕೂ ಮಂದಿ ಕುಂತು 2 ಲಕ್ಷ 35 ಸಾವಿರಕ್ಕ ಕೊಟ್ರು, ನನ್ನ ಒಂದು ಮಾತು ಕೇಳಲಿಲ್ಲ. ಗಾಡಿ ಹತ್ತಂಗಿಲ್ಲ ಅಂತ ಹಟ ಹಿಡೀತು, ಆಗ ಕರದ್ರು ನನ್ನ. ನಾನ ಹತ್ತಿಸಿ ಕೊಟ್ಟೀನಿ. ತಮ್ಮಾ, ಕಾಗದ ಮಾಡೋದಾದ್ರ ಸಾಕೋರಿಗೆ ಒಂದು ಪಾಲು ಬರೀರಿ, ರೊಕ್ಕ ಹಾಕದಿದ್ರೂ.

ಹಿರೇಕೆರೂರ ಕಡೀಯವ:
ಅಕ್ಕಾರ, ಇದು ಖರೇ. ನಮ್ಮ ಮನ್ಯಾಗೂ ನಮ್ಮ ಅವ್ವನ ನೋಡ್ಕೊಳ್ಳೋದು. ಆದ್ರ ಹುರುಳಿ ರಾತ್ರಿ ನೆನಸ್ತೀರೋ ಬೇಯಸ್ತೀರೋ?

ಗಾಡಾ ಧಾರವಾಡ:
ಬೇಯಸಬೇಕು. ಬರೇ ನೆನಸಿದ್ದು ಕೊಟ್ಟು ನಮ್ಮ ಎಡಗಡೆ ಎತ್ತು ಹೊಟ್ಟಿ ಉಬ್ಬಿ ಸಾಯೂದಿತ್ತು. ತತ್ತಿ ಅಂತೂ ಹಾಕಲೇಬ್ಯಾಡ್ರಿ, ಹುಲ್ಲು ತಿನ್ನೋ ಪ್ರಾಣಿಗೆ ತತ್ತಿ ಯಾವ ನ್ಯಾಯ?

ಹಿರೇಕೆರೂರ ಕಡೀಯವ:
ಐದು ವರ್ಷ ಹಾಕೀನಿ, ನಮ್ಮ ಹೋರಿ ಮೈ ಬಂದು ನೋಡ್ರಿ. ನೊಣ ಕುಂತ್ರ ಜಾರತೈತಿ.

ಬ್ಯಾಡಗಿ ಹುಡುಗ:
ಎಲ್ಲಾರಿಗೂ ಥ್ಯಾಂಕ್ಸ್‌ರಿ. ಟ್ಯಾಗ್ ವಿಷಯ ಬರ್ಕೊಂಡೆ, ಅಕ್ಕಾರ ಮಾತೂ ನಮ್ಮ ಅವ್ವಂಗ ಓದಿ ಹೇಳಿದೆ. ಒಂದ ಕೇಳೂದಿತ್ತು, ಆ ಕರಾ ನಡಿಯುವಾಗ ಹಿಂದಿನ ಬಲಗಾಲು ಸ್ವಲ್ಪ ಎತ್ತಿ ಇಡತೈತಿ. ನಡೀತೈತೇನ್ರಿ?

ಹಾನಗಲ್ಲ:
ನಮ್ಮದೂ ಹಂಗ ಇಡ್ತಿತ್ತು. ತಂದ ದಿನ ಮಳಿ ಬಂದಿತ್ತು, ಅಂಗಳದಾಗ ಕೆಸರು, ಮೂರು ಹೆಜ್ಜಿ ಗೊರಸು ಒಳಗ ಹೋಗಿತ್ತು, ನಾಕನೇದು ಬರೇ ತುದಿ. ಆ ಗುರುತಿನ ಮ್ಯಾಲೆ ನಮ್ಮ ಸಣ್ಣ ಮಗ ಬುಟ್ಟಿ ಮುಚ್ಚಿ ಇಟ್ಟಿದ್ದ, ಅಳಿಸಬಾರದಂತ.