ನಿಮ್ಮಮ್ಮನ ಎದೆ ಉರಿ ವಿಷಯ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಅಮ್ಮನಿಗೆ ರಾತ್ರಿ ಮಲಗಿದರೆ ಎದೆ ಉರಿ, ಹುಳಿ ನೀರು ಗಂಟಲಿಗೆ ಬರುತ್ತೆ, ಗ್ಯಾಸ್ ಇರಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಗ್ಯಾಸ್ ಅಂತ ಸುಮ್ನೆ ಕೂರಬೇಡ ಮಗಳೇ. ನಾನು ಹಾಗೆ ಕೂತೇ ಕೆಟ್ಟೆ.

ಆಗ ಕಾಫಿ ಕುಯ್ಲಿನ ಕಾಲ. ರಾತ್ರಿ ಒಂಬತ್ತೂವರೆಗೆ ಊಟ, ಕೈ ತೊಳೆದ ಕೂಡಲೇ ಹಾಸಿಗೆ. ಬೆಳಿಗ್ಗೆ ಕಣದಲ್ಲಿ ಹಣ್ಣು ಹರವಲು ಬಗ್ಗಿದರೆ ತಿಂದದ್ದೆಲ್ಲ ಬಾಯಿಗೆ ಬರುತ್ತಿತ್ತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತಿತ್ತು. ಅಕ್ಕಿ ರೊಟ್ಟಿ ಎದೆಯಲ್ಲೇ ನಿಂತ ಹಾಗೆ ಆಗುತ್ತಿತ್ತು. ಒಣ ಕೆಮ್ಮು ಬೇರೆ. ಸೋಡಾ, ಜೀರಿಗೆ ಕಷಾಯ ಅಂತ ಎರಡು ವರ್ಷ ತಳ್ಳಿದೆ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದ್ದುದನ್ನು ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಒಂದು ದಿನ ಕಣದಲ್ಲೇ ತಲೆ ಸುತ್ತಿ ಬಿದ್ದೆ. ಹಾಸನಕ್ಕೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 7 ಇತ್ತು. ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆ ನೋಡುವ ಎಂಡೋಸ್ಕೋಪಿಯಲ್ಲಿ ಹಯಾಟಲ್ ಹರ್ನಿಯಾ ಅಂತ ಗೊತ್ತಾಯಿತು. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಪರದೆ ಇದೆಯಲ್ಲ, ಅದರಲ್ಲಿ ಅನ್ನನಾಳ ಇಳಿಯುವ ಕಂಡಿ ಸಡಿಲವಾಗಿ ಜಠರದ ಮೇಲ್ಭಾಗ ಎದೆಯೊಳಗೆ ನುಗ್ಗಿತ್ತು. ಅಲ್ಲಿ ಹುಣ್ಣಾಗಿ ರಕ್ತ ಒಸರುತ್ತಿತ್ತು, ಅದಕ್ಕೇ ಮಲ ಕಪ್ಪಗಿದ್ದದ್ದು, ಹಿಮೋಗ್ಲೋಬಿನ್ ಅಷ್ಟು ಇಳಿದದ್ದು. ಮತ್ತೆ ಹೇಳುತ್ತೇನೆ, ಗ್ಯಾಸ್ ಅಂತ ಕೂರಬೇಡ.

ಆರು ದಿನ ಆಸ್ಪತ್ರೆಯಲ್ಲಿದ್ದೆ. ನಿಮ್ಮಮ್ಮ ಒಬ್ಬಳೇ ಗಂಜಿ ತಂದು ಕೊಟ್ಟಿದ್ದು. ನಿನ್ನ ಸೋದರಮಾವಂದಿರು ಒಬ್ಬರೂ ಇಣುಕಲಿಲ್ಲ. ತೋಟದ ಪಾಲಿನ ಕಾಗದಕ್ಕೆ ನನ್ನ ಸಹಿ ಬೇಕಾದಾಗ ಮಾತ್ರ ಮನೆ ಬಾಗಿಲಿಗೇ ಜೀಪ್ ಬಂತು. ಈ ಗ್ರೂಪಿನಲ್ಲೇ ಇದ್ದಾರೆ, ಓದಲಿ. ಒಡಹುಟ್ಟಿದವರು ಅಂದ ಮೇಲೆ ಒಂದು ಫೋನ್ ಆದರೂ ಮಾಡಬೇಕು ಅಲ್ವಾ? ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಸಂಕಟವಾಗುತ್ತೆ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ಅಮ್ಮನ ಮಂಚದ ತಲೆ ಕಡೆಯ ಕಾಲುಗಳ ಕೆಳಗೆ 6 ಇಂಚು ಎತ್ತರಕ್ಕೆ ಇಟ್ಟಿಗೆ ಇಡು. ದಿಂಬು ಜಾಸ್ತಿ ಹಾಕಿದರೆ ಹೊಟ್ಟೆ ಮಡಚಿಕೊಂಡು ಇನ್ನೂ ಕಷ್ಟ. ಊಟ ಮುಗಿದು 3 ಗಂಟೆ ಆದ ಮೇಲೇ ಮಲಗಲಿ. ಭಾರ ಎತ್ತುವುದು ಬೇಡ. ಮಲ ಕಪ್ಪಗಿದೆಯಾ, ನುಂಗಲು ಕಷ್ಟವಾ ಅಂತ ಇವತ್ತೇ ಕೇಳು, ಅವಳಾಗಿ ಹೇಳುವುದಿಲ್ಲ. ಎದೆ ನೋವಿನ ಜೊತೆ ಬೆವರು, ಕೈಗೋ ದವಡೆಗೋ ಸೆಳೆತ ಇದ್ದರೆ ಒಂದು ನಿಮಿಷವೂ ಕಾಯಬೇಡ, ಮೊದಲು ಇಸಿಜಿ ಮಾಡಿಸು. ಅದು ಹೃದಯದ್ದೂ ಇರಬಹುದು.

ಶುಕ್ರವಾರ ದೊಡ್ಡಪ್ಪ ಹಾಸನಕ್ಕೆ ಹೋಗುತ್ತಾರೆ, ಕಾರಿನಲ್ಲಿ ಜಾಗ ಇದೆ. ಅಮ್ಮನನ್ನು ಕಳಿಸು. ಬೆಳಿಗ್ಗೆ ಏನೂ ತಿನ್ನಿಸಬೇಡ, ಎಂಡೋಸ್ಕೋಪಿ ಮಾಡುವುದಾದರೆ ಖಾಲಿ ಹೊಟ್ಟೆ ಬೇಕು.