ಸಹಾಯ ಬೇಕು: ಮನೆಯಲ್ಲೇ ಕಾರು ಚಾರ್ಜಿಂಗ್, ವೈರಿಂಗ್ ಬಗ್ಗೆ ಗೊಂದಲ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಿಕ್ ಕಾರು ಮನೆಗೆ ಬಂದು ಮೂರು ವಾರವಾಯಿತು. ಕಾರಿನ ಜೊತೆ ಕೊಟ್ಟ ಕೇಬಲ್ಲನ್ನು ಹಳೆಯ 16 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿಯಿಡೀ ಚಾರ್ಜ್ ಮಾಡುತ್ತಿದ್ದೆ. ಮೊನ್ನೆ ಬೆಳಿಗ್ಗೆ ಪ್ಲಗ್ ಕೀಳಲು ಹೋದರೆ ಕೈಗೆ ಚುರುಕ್ಕೆಂದಿತು. ಸಾಕೆಟ್ಟಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿದೆ, ಸುಟ್ಟ ವಾಸನೆಯೂ ಇತ್ತು. ಇಂಥ ಸಾಕೆಟ್ಟಿನಲ್ಲಿ ಗೀಸರ್ ಅರ್ಧ ಗಂಟೆ ಉರಿದು ನಿಲ್ಲುತ್ತದೆ. ಕಾರು ಹತ್ತು ಗಂಟೆ ಒಂದೇ ಸಮನೆ ವಿದ್ಯುತ್ ಎಳೆಯುತ್ತದೆ. ಇದು ಮೊದಲೇ ಹೊಳೆಯಬೇಕಿತ್ತು. ಸಾಕೆಟ್ ಇರುವ ಜಾಗದ ಮೇಲಿನ ಕೋಣೆಯಲ್ಲೇ ಮಕ್ಕಳು ಮಲಗುವುದು, ಹಾಗಾಗಿ ಆ ಸಾಕೆಟ್ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಈಗ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ, ಗೋಡೆಗೆ 32 ಆಂಪಿಯರ್, 7.4 ಕಿಲೋವ್ಯಾಟ್ ಚಾರ್ಜರ್ ಹಾಕಿಸಬೇಕೆಂದಿದ್ದೇನೆ. ಸಿಂಗಲ್ ಫೇಸ್ ಸಂಪರ್ಕ, ದೂರ ಸುಮಾರು 25 ಮೀಟರ್. ಎಲೆಕ್ಟ್ರಿಷಿಯನ್ 4 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು ಎನ್ನುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಇಷ್ಟು ದೂರಕ್ಕೆ ನೀವು 6 ಹಾಕಿಸಿದಿರೋ, 10 ಹಾಕಿಸಿದಿರೋ?

ಇನ್ನೊಂದು ಮುಖ್ಯ ಪ್ರಶ್ನೆ ವಿದ್ಯುತ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿಯದು. ಮನೆಯಲ್ಲಿರುವುದು ಎಸಿ ಸೋರಿಕೆಯನ್ನಷ್ಟೇ ಗುರುತಿಸುವ ಎಸಿ ಟೈಪ್. ಕಾರಿನ ಕಡೆಯಿಂದ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್) ಸೋರಿಕೆಯಾದರೆ ಅದು ಟ್ರಿಪ್ ಆಗದೆಯೇ ಉಳಿಯಬಹುದು ಎಂದು ಓದಿದ್ದೇನೆ. ಚಾರ್ಜರಿನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ವ್ಯವಸ್ಥೆ ಇದ್ದರೆ ಎ ಟೈಪ್ ಸಾಕೇ, ಅಥವಾ ದುಬಾರಿಯಾದರೂ ಡಿಸಿ ಸೋರಿಕೆಯನ್ನೂ ತಾನೇ ಹಿಡಿಯುವ ಬಿ ಟೈಪ್ ಹಾಕಿಸಲೇ? ಅರ್ಥಿಂಗ್ ಅನ್ನು ಹೇಗೆ ಪರೀಕ್ಷಿಸಿಕೊಂಡಿರಿ?

ಸ್ವತಃ ಹಾಕಿಸಿ ಒಂದು ವರ್ಷವಾದರೂ ಬಳಸಿದವರು ದಯವಿಟ್ಟು ಬರೆಯಿರಿ. ಬೋರ್ಡಿನ ಫೋಟೋ ಹಾಕಿದರೆ ಇನ್ನೂ ಉಪಕಾರ. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ.